ಮೊದಲ ಹೆಪ್ಪು

ಚೈತ್ರ ವೈಶಾಖಗಳ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವವರಿಗೆ ಪೂರ್ವದ ಕಡೆಯಲ್ಲಿ ಕಿತ್ತಳೆಗೆಂಪಾಗಿ ಹೊಳೆಯುವ ಸ್ವಾತಿ ನಕ್ಷತ್ರವು ಕಾಣುವುದು. ಅದಕ್ಕೆ ಪಶ್ಚಿಮದಲ್ಲಿ ಉತ್ತರಾ ನಕ್ಷತ್ರವಿದೆ. ನಮ್ಮ ರೈತರು ಮಳೆಯ ಲೆಕ್ಕದಲ್ಲಿ ಹೆಸರಿಸುವ ಈ ಎರಡರ ನಡುವೆ, ಕತ್ತಲೆ ಚೆನ್ನಾಗಿದ್ದರೆ, ಮಸುಕಾದ ಚುಕ್ಕೆಗಳ ಒಂದು ಸಣ್ಣ ಗುಂಪು ಕಣ್ಣಿಗೆ ಬೀಳುತ್ತದೆ. ಪಾಶ್ಚಾತ್ಯರು ಅದನ್ನು ಬೆರೆನೀಸಳ ಕೇಶರಾಶಿ ಎಂದು ಕರೆಯುತ್ತಾರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ರಾಣಿಯಾಗಿದ್ದ ಬೆರೆನೀಸಳು, ಯುದ್ಧಕ್ಕೆ ಹೋದ ಪತಿಯು ಕ್ಷೇಮವಾಗಿ ಹಿಂದಿರುಗಿದರೆ ತನ್ನ ತಲೆಗೂದಲನ್ನು ಅರ್ಪಿಸುವೆನೆಂದು ಹರಕೆ ಹೊತ್ತಳೆಂದೂ, ಅರ್ಪಿಸಿದ ಕೂದಲು ಆಕಾಶವನ್ನೇರಿತೆಂದೂ ಕಥೆಯಿದೆ. ಆ ಕೇಶರಾಶಿಯ ದಿಕ್ಕಿನಲ್ಲಿಯೇ, ಆದರೆ ಆ ಚುಕ್ಕೆಗಳಿಗಿಂತ ಬಹು ದೂರದಲ್ಲಿ, 30 ಕೋಟಿಗೂ ಮಿಕ್ಕಿದ ಜ್ಯೋತಿರ್ವರ್ಷಗಳಾಚೆ, ಬರಿಗಣ್ಣಿಗೆ ಕಾಣದ ಒಂದು ಮಹಾಸಮೂಹವಿದೆ. ಅದಕ್ಕೆ ಕೋಮಾ ಗೊಂಚಲು ಎಂದು ಹೆಸರು. ಈ ವರ್ಷದ ಸಂಚಿಕೆಗಾಗಿ ನಾವು ಬರೆಯಹೊರಟಿರುವುದು ಅಂತಹ ಗೊಂಚಲುಗಳ ವಿಷಯವನ್ನೇ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮಾನ್ಯ ಪೋಷಕರೇ, ಮುಖ್ಯೋಪಾಧ್ಯಾಯಿನಿಯು ಶಾಲೆಯ ಕಟ್ಟಡದ ವಿಷಯವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಬಿಟ್ಟು ಆಕಾಶವನ್ನೇಕೆ ಹಿಡಿದಳೆಂದು ತಾವು ಆಶ್ಚರ್ಯಪಡಬಹುದು. ಕಾರಣವು ಮುಂದೆ ತಾನಾಗಿಯೇ ತಿಳಿದುಬರುವುದು. ಅದಕ್ಕೆ ಮೊದಲು ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ.

ನಮ್ಮ ಸೂರ್ಯನೂ ನಾವು ಕಾಣುವ ಸಮಸ್ತ ನಕ್ಷತ್ರಗಳೂ ಆಕಾಶಗಂಗೆಯೆಂಬ ಒಂದು ಗೆಲಾಕ್ಸಿಗೆ ಸೇರಿವೆ. ಇಂತಹ ಗೆಲಾಕ್ಸಿಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಎಷ್ಟೋ ಒಂಟಿಯಾಗಿರದೆ, ನೂರಾರಾಗಿ ಸಾವಿರಾರಾಗಿ, ದ್ರಾಕ್ಷಿಯ ಹಣ್ಣುಗಳು ಗೊಂಚಲಿನಲ್ಲಿರುವಂತೆ, ಪರಸ್ಪರ ಗುರುತ್ವಾಕರ್ಷಣೆಯಿಂದ ಕೂಡಿಕೊಂಡಿರುತ್ತವೆ. ಕೋಮಾ ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ವಿದ್ವಾಂಸನು ಇವುಗಳ ವೇಗವನ್ನು ಪರಿಶೀಲಿಸಿ, ಕಣ್ಣಿಗೆ ಕಾಣುವ ವಸ್ತುವಿನ ಸೆಳೆತದಿಂದ ಮಾತ್ರವೇ ಇವು ಒಟ್ಟಾಗಿರಲು ಸಾಧ್ಯವಿಲ್ಲವೆಂದೂ, ಕಾಣದ ದ್ರವ್ಯವು ಬಹಳವಾಗಿ ಇರಬೇಕೆಂದೂ ತರ್ಕಿಸಿದನು.

ಗೆಲಾಕ್ಸಿಗಳ ನಡುವಣ ಜಾಗವು ಬರಿದಾದುದೆಂದು ಬಹುಕಾಲ ಎಣಿಸಲ್ಪಟ್ಟಿತ್ತು. 1970ನೆಯ ಡಿಸೆಂಬರ್ 12ರಂದು ಕೆನ್ಯಾ ದೇಶದ ಕರಾವಳಿಯಿಂದ ಎಕ್ಸ್-ಕಿರಣಗಳನ್ನು ನೋಡುವ ಉಪಗ್ರಹವೊಂದನ್ನು ಹಾರಿಸಿದರು. ಅದು ಆ ದೇಶದ ಸ್ವಾತಂತ್ರ್ಯ ದಿನವಾಗಿದ್ದುದರಿಂದ ಉಪಗ್ರಹಕ್ಕೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂದು ಅರ್ಥ ಬರುವ ಉಹುರು ಎಂಬ ಹೆಸರಾಯಿತು. ಆ ಯೋಜನೆಯನ್ನು ನಡೆಸಿದವರು ಮಾರ್ಜರಿ ಟೌನ್ಸೆಂಡ್ ಎಂಬ ಮಹಿಳೆ. ಗೊಂಚಲುಗಳ ಒಳಗೆಲ್ಲ ಅತ್ಯುಷ್ಣವಾದ ಅನಿಲವು ತುಂಬಿಕೊಂಡಿದೆಯೆಂಬುದು ಈ ಉಪಗ್ರಹದ ವೀಕ್ಷಣೆಗಳಿಂದ ಬೆಳಕಿಗೆ ಬಂದಿತು. ಕೋಮಾದಲ್ಲಿ ಆ ಅನಿಲದ ಉಷ್ಣತೆಯು ಸುಮಾರು 10 ಕೋಟಿ ಡಿಗ್ರಿ. ಆದರೆ ಅದು ಎಷ್ಟು ತೆಳುವೆಂದರೆ, ಗೊಂಚಲಿನ ಮಧ್ಯದಲ್ಲಿಯೂ ಒಂದು ಲೀಟರ್ ಹಿಡಿಯುವ ಚೊಂಬಿನಷ್ಟು ಜಾಗದಲ್ಲಿ ಕೆಲವೇ ಕಣಗಳಿರುತ್ತವೆ. ಆದಾಗ್ಯೂ ಜಾಗವು ಅಪಾರವಾದುದರಿಂದ, ಗೊಂಚಲಿನ ಎಲ್ಲಾ ನಕ್ಷತ್ರಗಳನ್ನು ಕೂಡಿಸಿದರೂ ಈ ಅನಿಲದ ತೂಕಕ್ಕೆ ಸಮನಾಗುವುದಿಲ್ಲ.

ಈ ತೆಳುವಾದ ಬೆಂಕಿಯಲ್ಲಿ ಕಾಂತಶಕ್ತಿಯೂ ಇದೆಯೆಂಬುದೇ ಸೋಜಿಗ. ಕೋಮಾ ಗೊಂಚಲಿನಿಂದ ರೇಡಿಯೋ ಅಲೆಗಳು ಬರುತ್ತಿವೆಯೆಂದು 1959ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡರು. ಅವು ಯಾವುದೋ ಒಂದೆರಡು ಗೆಲಾಕ್ಸಿಗಳಿಂದಲ್ಲ, ಗೊಂಚಲಿನ ಮಧ್ಯಭಾಗದಲ್ಲೆಲ್ಲ ಹರಡಿದ ಒಂದು ಪ್ರಭೆಯಿಂದ ಬರುತ್ತಿವೆಯೆಂದು 1970ರಲ್ಲಿ ವಿಲ್ಸನ್ ಎಂಬವರು ದೃಢಪಡಿಸಿದರು. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಎಲೆಕ್ಟ್ರಾನುಗಳು ಕಾಂತರೇಖೆಗಳನ್ನು ಬಳ್ಳಿಯಂತೆ ಸುತ್ತುತ್ತ ಸಾಗುವಾಗ ಇಂತಹ ಅಲೆಗಳು ಹುಟ್ಟುತ್ತವೆ. ಆದಕಾರಣ, ಈ ಪ್ರಭೆಯಿರುವಲ್ಲಿ ಕಾಂತಕ್ಷೇತ್ರವೂ ಇರಲೇಬೇಕು. ಪುಣೆಯ ಹತ್ತಿರ ಖೋಡದ್ ಎಂಬ ಹಳ್ಳಿಯ ಸುತ್ತ ನಮ್ಮ ದೇಶದವರು ನಿಲ್ಲಿಸಿರುವ, ಒಂದೊಂದೂ 45 ಮೀಟರ್ ಅಗಲವುಳ್ಳ 30 ಬೋಗುಣಿಗಳ ದೂರದರ್ಶಕದಿಂದ, ಇಟಲಿಯ ತಿತ್ಸಿಯಾನಾ ವೆಂಚುರಿಯವರೂ ಅವರ ಸಂಗಡಿಗರೂ ಅನೇಕ ಗೊಂಚಲುಗಳನ್ನು ಶೋಧಿಸಿ, 2007 ಮತ್ತು 2008ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕೆಲವು ಗೊಂಚಲುಗಳಲ್ಲಿ ಈ ಪ್ರಭೆಯುಂಟು, ಕೆಲವುಗಳಲ್ಲಿಲ್ಲ. ಉಂಟಾದವುಗಳು ಸಾಮಾನ್ಯವಾಗಿ ಬೇರೊಂದು ಗೊಂಚಲಿನೊಡನೆ ಡಿಕ್ಕಿಯಾಗಿ ಇನ್ನೂ ಶಾಂತವಾಗದವುಗಳು.

ಕಾಂತಕ್ಷೇತ್ರವನ್ನು ಅಳೆಯಲು ಇನ್ನೊಂದು ಉಪಾಯವುಂಟು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಮೈಕೇಲ್ ಫ್ಯಾರಡೆಯು 1845ರಲ್ಲಿ ಒಂದು ವಿಶೇಷವನ್ನು ಕಂಡುಹಿಡಿದನು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಕಾಂತಕ್ಷೇತ್ರದಲ್ಲಿರಿಸಿದ ಗಾಜಿನ ಮೂಲಕ ಹಾಯಿಸಿದರೆ, ಕಂಪನದ ದಿಕ್ಕು ಸ್ವಲ್ಪ ತಿರುಗುತ್ತದೆ. ಗೊಂಚಲಿನ ಅನಿಲವೂ ತನ್ನ ಮೂಲಕ ಹಾಯುವ ರೇಡಿಯೋ ಅಲೆಗಳಿಗೆ ಹೀಗೆಯೇ ಮಾಡುತ್ತದೆ. ಅಲೆಯ ಉದ್ದವು ಎರಡರಷ್ಟಾದರೆ ತಿರುಗುವಿಕೆಯು ನಾಲ್ಕರಷ್ಟಾಗುವುದರಿಂದ ಅದನ್ನು ಗುರುತಿಸುವುದು ಸಾಧ್ಯ. 2010ರಲ್ಲಿ ಅನ್ನಲೀಸಾ ಬೊನಾಫೆಡೆಯವರೂ ಜೊತೆಗಾರರೂ ಕೋಮಾದ ಒಳಗೂ ಹಿಂದೂ ಇರುವ 7 ರೇಡಿಯೋ ಮೂಲಗಳನ್ನು ಹೀಗೆ ಪರೀಕ್ಷಿಸಿ, ಗೊಂಚಲಿನ ನಡುವೆ ಸುಮಾರು 5 ಮೈಕ್ರೋಗೌಸ್ ಕಾಂತಕ್ಷೇತ್ರವಿದೆಯೆಂದು ತಿಳಿಸಿದರು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದಲ್ಲಿ ಇದು ಲಕ್ಷದಲ್ಲೊಂದು ಪಾಲು. ಪ್ರಮಾಣವು ಅಲ್ಪವೇ ಸರಿ. ಆದರೆ ಹತ್ತಾರು ಲಕ್ಷ ಜ್ಯೋತಿರ್ವರ್ಷಗಳ ವಿಸ್ತಾರದಲ್ಲಿ ಇದು ಹರಡಿದೆಯೆಂಬುದನ್ನು ಮರೆಯಬಾರದು.

ಹೋದ ವರ್ಷ ಶನಿವಾರದ ವಿಜ್ಞಾನಕೂಟದಲ್ಲಿ ಈ ಸಂಗತಿಗಳನ್ನು ಹತ್ತನೆಯ ತರಗತಿಯವರಿಗೆ ಹೇಳಿದೆವು. ಕೇಳಿ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಆಕೆಯ ತಂದೆ ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿಯನ್ನಿಟ್ಟಿರುವವರು. “ಟೀಚರ್, ಅಲ್ಲಿ ಕಬ್ಬಿಣವಿದೆಯೇ?” ಎಂದು ಕೇಳಿದಳು. ಅಂತಹ ಉರಿಯಲ್ಲಿ ಯಾವ ಸೂಜಿಗಲ್ಲೂ ಉಳಿಯಲಾರದೆಂದೂ, ಆ ಅನಿಲದಲ್ಲಿ ಹರಿಯುವ ವಿದ್ಯುತ್ತಿನಿಂದಲೇ ಕಾಂತಶಕ್ತಿಯಿರುವುದೆಂದೂ, ಅನಿಲದ ಚಲನೆಯು ಡೈನಮೊದಂತೆ ಅದನ್ನು ಬೆಳೆಸುವುದೆಂದೂ ಹೇಳಿದೆವು. ಆಕೆಯು ಕುಳಿತುಕೊಳ್ಳಲಿಲ್ಲ. “ನಮ್ಮ ಅಂಗಡಿಯಲ್ಲಿ ಹಳೆಯ ಸೈಕಲ್ ದೀಪದ ಡೈನಮೊ ಬಿಚ್ಚಿದರೆ ಒಳಗೆ ಮೊದಲೇ ಒಂದು ಆಯಸ್ಕಾಂತವಿರುತ್ತದೆ. ಆಕಾಶದ ಡೈನಮೊದೊಳಗೆ ಅದು ಎಲ್ಲಿಂದ ಬಂತು, ಟೀಚರ್?” ಎಂದಳು.

ಲೋಕದ ವಿದ್ವಾಂಸರು ಕೇಳುತ್ತಿರುವ ಪ್ರಶ್ನೆಯೂ ಇದೇ ಆಗಿರುತ್ತದೆ. ಇದರ ಅರ್ಧಕ್ಕೆ ಉತ್ತರವುಂಟು; ಇನ್ನರ್ಧಕ್ಕೆ ಇಂದಿನವರೆಗೂ ಉತ್ತರವಿಲ್ಲ.

ಉತ್ತರವಿರುವ ಅರ್ಧವು ಬೆಳವಣಿಗೆಯದು. ಹೀಗೆ ಕಾದ, ವಿದ್ಯುತ್ತನ್ನು ಚೆನ್ನಾಗಿ ಹರಿಯಿಸುವ ಅನಿಲದಲ್ಲಿ ಕಾಂತರೇಖೆಗಳು ಅಂಟಿಕೊಂಡಂತೆ ಇರುತ್ತವೆಂದೂ, ಅನಿಲವು ಹೋದತ್ತ ಅವೂ ಹೋಗುತ್ತವೆಂದೂ ಸ್ವೀಡನ್ನಿನ ಹಾನ್ನೆಸ್ ಆಲ್ವೇನ್ 1940ರ ದಶಕದಲ್ಲಿ ತೋರಿಸಿಕೊಟ್ಟನು. ನಮ್ಮ ಹುಡುಗಿಯರು ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಹಾಕುವುದನ್ನು ನೋಡಿರಿ. ಮೊದಲು ಎಳೆಯುತ್ತಾರೆ, ಅನಂತರ ತಿರುಚುತ್ತಾರೆ, ಆಮೇಲೆ ಮಡಚಿ ಮತ್ತೆ ಜಡೆಗೆ ಸುತ್ತುತ್ತಾರೆ. ಒಂದು ಸುತ್ತಿದ್ದುದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಗೊಂಚಲುಗಳು ಒಂದಕ್ಕೊಂದು ಬಡಿದು ಕೂಡಿಕೊಳ್ಳುವಾಗ ಅನಿಲವು ಕಲಕಿ ಸುಳಿಸುಳಿಯಾಗಿ, ಕಾಂತರೇಖೆಗಳಿಗೆ ಇದನ್ನೇ ಮಾಡುತ್ತದೆ. 2016ರಲ್ಲಿ ಜಪಾನಿನವರ ಹಿಟೋಮಿ ಉಪಗ್ರಹವು ಕೆಟ್ಟುಹೋಗುವ ಮುನ್ನ ಪರ್ಸಿಯಸ್ ಗೊಂಚಲನ್ನು ನೋಡಿ, ಅಲ್ಲಿಯ ಅನಿಲವು ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ವೇಗದಲ್ಲಿ ಕಲಕುತ್ತಿದೆಯೆಂದು ಅಳೆದುಕೊಟ್ಟಿತು. ದ್ವಿಗುಣವಾಗುತ್ತ ಹೋಗುವ ಲೆಕ್ಕದ ಮಹಿಮೆಯು ನಮ್ಮ ವಿದ್ಯಾರ್ಥಿನಿಯರಿಗೆ ಗೊತ್ತು. 47 ಸಲ ಇಮ್ಮಡಿಯಾದರೆ ಸಾಕು, ಮೊದಲಿದ್ದುದು 100 ಲಕ್ಷ ಕೋಟಿ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಸಣ್ಣ ಸುಳಿಗಳು ಬೇಗಬೇಗನೆ ತಿರುಗುವುದರಿಂದ ಇದಕ್ಕೆ ಕಾಲದ ಕೊರತೆಯಿಲ್ಲವೆಂದು ಬಲ್ಲವರ ಅಭಿಪ್ರಾಯ.

ಆದರೆ ಸೊನ್ನೆಯನ್ನು ಎಷ್ಟು ಸಲ ಇಮ್ಮಡಿಸಿದರೂ ಸೊನ್ನೆಯೇ. ಬೆಳೆಯುವುದಕ್ಕೆ ಮೊದಲು ಏನಾದರೂ ಇರಬೇಕು. ಉತ್ತರವಿಲ್ಲದ ಅರ್ಧವು ಇದೇ.

ನಾವು ಮಿಶನ್ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ ಅಡುಗೆಯಮ್ಮನು ರಾತ್ರಿ ಕಡೆಯ ಕೆಲಸವಾಗಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಮುಚ್ಚಿಡುತ್ತಿದ್ದರು. ಮೊದಲನೆಯ ಹೆಪ್ಪು ಎಲ್ಲಿಂದ ತಂದಿರಿ ಎಂದು ನಾವು ಮಕ್ಕಳು ಕಾಡಿದರೆ, “ನಮ್ಮತ್ತೆಯಿಂದ” ಎನ್ನುವರು. ಅತ್ತೆಗೆ? ಅತ್ತೆಯ ಅತ್ತೆಯಿಂದ. ಅವರಿಗೆ? “ಹೆಪ್ಪು ತಪ್ಪಿಹೋದರೆ ಪಕ್ಕದ ಮನೆಗೆ ಬಟ್ಟಲು ಕಳುಹಿಸುವುದು. ಪಕ್ಕದ ಮನೆಯೇ ಇಲ್ಲದಿದ್ದರೆ ಹಾಲಿನಲ್ಲಿ ಹಸಿಮೆಣಸಿನಕಾಯಿಯ ತೊಟ್ಟು ಹಾಕಿಡುವುದು, ಮೊಸರಾಗುತ್ತದೆ. ಈಗ ಹೋಗಿ ಮಲಗಿರಿ” ಎನ್ನುವರು. ಅಡುಗೆಯಮ್ಮನ ಈ ಮೂರು ಉತ್ತರಗಳನ್ನೇ ಇಟ್ಟುಕೊಂಡು ನಾವು ಆ ಹುಡುಗಿಗೆ ವಿಷಯವನ್ನು ವಿವರಿಸಿದೆವು.

ಅತ್ತೆಯ ಅತ್ತೆಯಿಂದ ಬಂದಿತೆಂಬುದು ಒಂದು ಪಕ್ಷ. ವಿಶ್ವವು ಹುಟ್ಟಿದ ಮೊದಲ ಕ್ಷಣಗಳಲ್ಲಿಯೇ, ಅದು ಅತಿ ವೇಗವಾಗಿ ಹಿಗ್ಗಿದಾಗಲೋ ಆಮೇಲೆ ತಣಿಯುತ್ತ ಸ್ಥಿತಿ ಬದಲಾಯಿಸಿದಾಗಲೋ, ಸೂಕ್ಷ್ಮವಾದ ಕಾಂತಕ್ಷೇತ್ರವು ಎಲ್ಲೆಲ್ಲಿಯೂ ಹುಟ್ಟಿತೆಂದು ಈ ಪಕ್ಷದವರು ಹೇಳುತ್ತಾರೆ. ಮೆಣಸಿನಕಾಯಿಯ ತೊಟ್ಟಿನದು ಎರಡನೆಯ ಪಕ್ಷ. ಕಾಂತಶಕ್ತಿಯಲ್ಲದುದರಿಂದಲೇ ಕಾಂತಶಕ್ತಿಯು ಹುಟ್ಟಬಹುದೆಂದು 1950ರಲ್ಲಿ ಜರ್ಮನಿಯ ಲುಡ್ವಿಗ್ ಬಿಯರ್ಮನ್ ತೋರಿಸಿದನು. ಎಲೆಕ್ಟ್ರಾನು ಪ್ರೋಟಾನಿಗಿಂತ 1836 ಪಟ್ಟು ಹಗುರವಾದುದು. ಅನಿಲದ ಒತ್ತಡವು ಅದನ್ನು ಸುಲಭವಾಗಿ ದೂಡುತ್ತದೆ. ಅನಿಲವು ಒಂದು ದಿಕ್ಕಿಗೆ ಬಿಸಿಯಾಗುತ್ತಲೂ ಇನ್ನೊಂದು ದಿಕ್ಕಿಗೆ ದಟ್ಟವಾಗುತ್ತಲೂ ಇದ್ದರೆ ಎಲೆಕ್ಟ್ರಾನುಗಳು ಸುತ್ತುಹರಿದು ಸಣ್ಣ ವಿದ್ಯುತ್ಪ್ರವಾಹವುಂಟಾಗುತ್ತದೆ, ಅದರಿಂದ ಕಾಂತಕ್ಷೇತ್ರವು. ಅದು ಗೌಸಿನ ಒಂದು ಪಾಲನ್ನು 1ರ ಮುಂದೆ ಸುಮಾರು 20 ಸೊನ್ನೆಗಳಿಂದ ಭಾಗಿಸಿದಷ್ಟು ಅಲ್ಪವಾದರೂ ಹೆಪ್ಪಿಗೆ ಸಾಲಬಹುದು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮೆರಿಕದ ರಾಚೆಸ್ಟರಿನ ಒಮೆಗಾ ಲೇಸರಿನಿಂದ ಪ್ಲಾಸ್ಮಾ ಉಂಟುಮಾಡಿ ಕಲಕಿದಾಗ, ಹೀಗೆ ಹುಟ್ಟಿದ ಕಾಂತಕ್ಷೇತ್ರವು ಅನೇಕ ಪಟ್ಟು ಬೆಳೆದುದು ಕಂಡುಬಂದಿತು. ಪಕ್ಕದ ಮನೆಯ ಬಟ್ಟಲಿನದು ಮೂರನೆಯ ಪಕ್ಷ. ನಕ್ಷತ್ರಗಳೂ ಗೆಲಾಕ್ಸಿಗಳೂ ತಮ್ಮೊಳಗೆ ಬೆಳೆಸಿದ ಕಾಂತಕ್ಷೇತ್ರವನ್ನು ಗಾಳಿಯ ರೂಪದಲ್ಲಿಯೂ, ಕಪ್ಪುಕುಳಿಗಳ ಸುತ್ತಣಿಂದ ಚಿಮ್ಮುವ ಧಾರೆಗಳ ರೂಪದಲ್ಲಿಯೂ ಗೊಂಚಲಿಗೆ ಹಂಚಿರಬಹುದು. ಕನ್ಯಾ ರಾಶಿಯ ಗೊಂಚಲಿನಲ್ಲಿರುವ ಎಂ 87 ಗೆಲಾಕ್ಸಿಯ ಕಪ್ಪುಕುಳಿಯ ಅಂಚಿನಲ್ಲಿ ಕಾಂತಕ್ಷೇತ್ರದ ಗುರುತು 2021ರಲ್ಲಿ ಪ್ರಕಟವಾದ ಚಿತ್ರದಲ್ಲಿ ಕಂಡಿದೆ. ಆದರೆ ಆ ಪಕ್ಕದ ಮನೆಗೆ ಹೆಪ್ಪು ಎಲ್ಲಿಂದ ಬಂದಿತೆಂದು ಕೇಳಿದರೆ ಮತ್ತೆ ಮೊದಲ ಎರಡು ಪಕ್ಷಗಳಿಗೇ ಬರಬೇಕಾಗುವುದು.

ಹಾಗಾದರೆ ಗೊಂಚಲನ್ನೇ ನೋಡಿ ತಿಳಿಯಬಾರದೇಕೆ? ತೊಡಕು ಇರುವುದು ಇಲ್ಲಿಯೇ. ಗಟ್ಟಿಯಾಗಿ ಕೂತ ಮೊಸರನ್ನು ಎಷ್ಟು ರುಚಿ ನೋಡಿದರೂ, ಹೆಪ್ಪು ಯಾರ ಮನೆಯದೆಂದು ಹೇಳಲಾಗುವುದಿಲ್ಲ. ಕಲಕಿ ಬೆಳೆದ ಕಾಂತಕ್ಷೇತ್ರವೂ ಒಂದು ಮಿತಿಗೆ ಬಂದು ನಿಂತ ಮೇಲೆ ತನ್ನ ಮೂಲವನ್ನು ಹೆಚ್ಚುಕಡಿಮೆ ಮರೆತುಬಿಡುತ್ತದೆ. ಆದಕಾರಣ ವಿದ್ವಾಂಸರು ಇನ್ನೂ ಮೊಸರಾಗದ ಹಾಲನ್ನು ಹುಡುಕಿಕೊಂಡು ಹೋಗಿದ್ದಾರೆ. 2019ರಲ್ಲಿ ಫೆಡೆರಿಕಾ ಗೊವೊನಿಯವರ ತಂಡವು, ನೆದರ್ಲೆಂಡ್ಸಿನಲ್ಲಿ ಮುಖ್ಯವಾಗಿ ನೆಲೆಗೊಂಡ ಲೋಫಾರ್ ದೂರದರ್ಶಕದಿಂದ, ಸುಮಾರು 1 ಕೋಟಿ ಜ್ಯೋತಿರ್ವರ್ಷ ಅಂತರವುಳ್ಳ ಎರಡು ಗೊಂಚಲುಗಳ ನಡುವೆ ಸೇತುವೆಯಂತಿರುವ ರೇಡಿಯೋ ಪ್ರಭೆಯನ್ನು ಕಂಡಿತು. ಗೊಂಚಲುಗಳನ್ನು ಜೋಡಿಸುವ ಎಳೆಗಳಲ್ಲಿ ಕೆಲವು ಹತ್ತು ನ್ಯಾನೋಗೌಸಿನಷ್ಟು, ಅಂದರೆ ಗೊಂಚಲಿನಲ್ಲಿರುವುದರ ನೂರನೆಯ ಪಾಲಿನಷ್ಟು, ಕಾಂತಕ್ಷೇತ್ರವಿರಬೇಕೆಂದು ಟೆಸ್ಸಾ ವೆರ್ನ್‌ಸ್ಟ್ರಾಮ್ ಮೊದಲಾದವರು 2021ರಲ್ಲಿ ತಿಳಿಸಿದರು. ಗೆಲಾಕ್ಸಿಗಳೇ ವಿರಳವಾದ ಮಹಾಶೂನ್ಯಗಳಲ್ಲಿಯೂ ಅತ್ಯಲ್ಪವಾದ ಕಾಂತಕ್ಷೇತ್ರವಿರಬೇಕೆಂದು, ದೂರದಿಂದ ಬರಬೇಕಾಗಿದ್ದ ಗಾಮಾ ಕಿರಣಗಳು ಬಾರದಿರುವುದರಿಂದ ನೆರೊನೊವ್ ಮತ್ತು ವೊವ್ಕ್ ಎಂಬವರು 2010ರಲ್ಲಿ ಊಹಿಸಿದರು. ಅದಕ್ಕೆ ಬೇರೆ ವಿವರಣೆಯನ್ನು ಕೊಡುವವರೂ ಉಂಟು. ಆದಿಯಲ್ಲಿ ಹುಟ್ಟಿದ ಕಾಂತಕ್ಷೇತ್ರವು ಕೆಲವೇ ನ್ಯಾನೋಗೌಸುಗಳನ್ನು ಮೀರಿರಲಾರದೆಂದು ಪ್ಲ್ಯಾಂಕ್ ಉಪಗ್ರಹದ ಅಳತೆಗಳು ಗೆರೆ ಎಳೆದಿವೆ. ಆಸ್ಟ್ರೇಲಿಯದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಏಳುತ್ತಿರುವ ಮಹಾದೂರದರ್ಶಕದಲ್ಲಿ ಭಾರತವೂ ಪಾಲುಗಾರನಾಗಿದೆ. ಈ ಶೋಧವು ಅದರ ಮುಖ್ಯ ಕಾರ್ಯಗಳಲ್ಲೊಂದು.

ವಿಷಯವು ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಆ ಹುಡುಗಿಯ ತಂದೆಯವರು ಪೋಷಕರ ಸಭೆಯ ದಿನ ನಮ್ಮ ಕೊಠಡಿಗೆ ಬಂದರು. ಮಗಳು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನೇ ಓದುವೆನೆಂದು ಹಟ ಹಿಡಿದಿದ್ದಾಳೆಂದೂ, ತಮಗೆ ಆಕೆಯನ್ನು ಬೇಗ ಕೆಲಸ ದೊರೆಯುವ ಯಾವುದಾದರೊಂದು ತರಬೇತಿಗೆ ಸೇರಿಸುವ ಮನಸ್ಸಿದೆಯೆಂದೂ ಹೇಳಿದರು. “ಅಮ್ಮನವರೇ, ಇವಳು ಕೇಳಿದ ಪ್ರಶ್ನೆಗೆ ದೊಡ್ಡದೊಡ್ಡವರಲ್ಲಿಯೂ ಉತ್ತರವಿಲ್ಲವಂತೆ. ಉತ್ತರವಿಲ್ಲದುದನ್ನು ಓದಿಸುವುದಕ್ಕೆ ನಾನು ಸಾಲ ಮಾಡಬೇಕೇ?” ಎಂದರು. ಆ ಮಾತಿನಲ್ಲಿ ಒರಟುತನವಿರಲಿಲ್ಲ. ಇನ್ನಿಬ್ಬರು ಚಿಕ್ಕ ಮಕ್ಕಳಿರುವ ಮನೆಯ ಲೆಕ್ಕವು ಅದರಲ್ಲಿತ್ತು.

ಓದಿದರೆ ಕೆಲಸವು ಖಂಡಿತವೆಂದು ನಾವು ಹೇಳಲಿಲ್ಲ. ಹೇಳುವ ಅಧಿಕಾರವೂ ನಮಗಿಲ್ಲ. ಟ್ಯೂಬಿನಲ್ಲಿ ಗಾಳಿ ನಿಲ್ಲದ ಸೈಕಲ್ ಬಂದರೆ ಏನು ಮಾಡುತ್ತೀರೆಂದು ಮಾತ್ರ ಕೇಳಿದೆವು. ನೀರಿನ ಬೋಗುಣಿಯಲ್ಲಿ ಸ್ವಲ್ಪಸ್ವಲ್ಪವಾಗಿ ಮುಳುಗಿಸಿ, ಗುಳ್ಳೆಯೇಳದ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತೇವೆಂದರು. ತೂತು ಕಾಣುವವರೆಗೆ ನಿಮ್ಮಲ್ಲಿ ಉತ್ತರವಿಲ್ಲ, ಆದರೂ ಗಿರಾಕಿಯು ನಿಮ್ಮನ್ನು ನಂಬಿ ನಿಂತಿರುತ್ತಾನಲ್ಲವೇ ಎಂದೆವು. ಈ ವಿದ್ವಾಂಸರೂ ಹಾಗೆಯೇ ಒಂದೊಂದು ಭಾಗವನ್ನು ಪರೀಕ್ಷಿಸಿ ಬಿಡುತ್ತ ಬಂದಿದ್ದಾರೆ. ಕಬ್ಬಿಣವಲ್ಲವೆಂದು ಬಿಟ್ಟರು, ಇಷ್ಟಕ್ಕಿಂತ ಬಲವಾದ ಆದಿಕ್ಷೇತ್ರವಲ್ಲವೆಂದು ಬಿಟ್ಟರು, ಗೊಂಚಲಿನ ನಡುವೆ ಹುಡುಕಿ ಫಲವಿಲ್ಲವೆಂದು ತಿಳಿದು ಅಂಚಿಗೆ ಹೋದರು. ಉತ್ತರವಿಲ್ಲದಿರುವುದಕ್ಕೂ ಏನೂ ತಿಳಿಯದಿರುವುದಕ್ಕೂ ಬಹಳ ಅಂತರವಿದೆ. ನಿಮ್ಮ ಮಗಳು ನಿಮ್ಮ ಅಂಗಡಿಯ ಡೈನಮೊವನ್ನು ನೋಡಿ, ಯಾರ ಸಹಾಯವೂ ಇಲ್ಲದೆ, ಅವರೆಲ್ಲ ನಿಂತಿರುವ ಸ್ಥಳಕ್ಕೇ ಬಂದು ನಿಂತಳು. ಇದಿಷ್ಟನ್ನು ಹೇಳಿದೆವು. ಅವರು ನಕ್ಕರು, ಮಾತು ಕೊಡಲಿಲ್ಲ. ಅರ್ಜಿಯ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು.

ಇದನ್ನು ಬರೆಯುವ ಹೊತ್ತಿಗೆ ಆ ಕಾಗದವು ಇನ್ನೂ ಹಿಂದಿರುಗಿಲ್ಲ. ಸಾಲದ ವಿಷಯವಾಗಿ ಅವರು ಆಡಿದ ಮಾತು ನಮ್ಮೆಲ್ಲರಿಗೂ ಸಂಬಂಧಪಟ್ಟುದು. ಮೇಲೆ ಹೆಸರಿಸಿದ ವಿಜ್ಞಾನಿಗಳಲ್ಲಿ ಎಷ್ಟು ಮಂದಿ ಸ್ತ್ರೀಯರೆಂಬುದನ್ನು ವಾಚಕರು ಗಮನಿಸಿರಬಹುದು. ಅವರನ್ನು ಹುಡುಕಿ ಸೇರಿಸಬೇಕಾಗಿ ಬರಲಿಲ್ಲ. ವಿಷಯದ ಜಾಡು ಹಿಡಿದು ಹೋದಾಗ ಅವರೇ ಅಲ್ಲಿ ಕೆಲಸ ಮಾಡುತ್ತಿದ್ದರು. ಅವರೂ ಒಂದು ಕಾಲದಲ್ಲಿ ಎಲ್ಲಿಯೋ ಒಂದು ಶಾಲೆಯ ಬೆಂಚಿನ ಮೇಲೆ ಕುಳಿತಿದ್ದವರೇ. ಈ ಶಾಲೆಯಿಂದ ಹೋಗಿ ಮನೆಗಳನ್ನೂ ಆಸ್ಪತ್ರೆಗಳನ್ನೂ ಕಚೇರಿಗಳನ್ನೂ ನಡೆಸುತ್ತಿರುವ ತಾವು, ತಮ್ಮ ಕಾಲದಲ್ಲಿ ಯಾರೋ ಒಬ್ಬರು ಫೀಜು ಕಟ್ಟಿದುದನ್ನು, ಹಳೆಯ ಪುಸ್ತಕ ಕೊಟ್ಟುದನ್ನು, ತಂದೆಯೊಡನೆ ಒಂದು ಮಾತು ಆಡಿದುದನ್ನು ಬಲ್ಲಿರಿ. ಹಳೆಯ ವಿದ್ಯಾರ್ಥಿನಿಯರ ಸಂಘದಲ್ಲಿ ಓದಿನ ಸಹಾಯಕ್ಕೆಂದು ಒಂದು ಚಿಕ್ಕ ನಿಧಿಯಿದೆ. ಜೂನ್ ತಿಂಗಳಿಗೆ ಮುಂಚೆ ಅದನ್ನು ಜ್ಞಾಪಿಸಿಕೊಳ್ಳಬೇಕೆಂದು ಕೋರುತ್ತೇವೆ. ಹೆಪ್ಪು ಒಂದು ಚಮಚದಷ್ಟಾದರೂ ಸಾಕು; ಆದರೆ ಹಾಲು ಬೆಚ್ಚಗಿರುವಾಗಲೇ ಹಾಕಬೇಕು.

ವೈಶಾಖದಲ್ಲಿ ರಜೆಗೆ ಮಕ್ಕಳು ಮನೆಗೆ ಬಂದಾಗ, ಒಂದು ರಾತ್ರಿ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸ್ವಾತಿಗೂ ಉತ್ತರೆಗೂ ನಡುವಣ ಆ ಮಸುಕನ್ನು ತೋರಿಸಿರಿ. ಅವರು ಏನನ್ನು ಕೇಳಿದರೂ ಕೇಳಲಿ. ತಮಗೆ ಉತ್ತರ ತಿಳಿಯದಿದ್ದರೆ, ಇದು ಇನ್ನೂ ಯಾರಿಗೂ ತಿಳಿಯದು, ನೀನು ಓದಿ ನೋಡು ಎಂದು ಧೈರ್ಯವಾಗಿ ಹೇಳಿರಿ.